ಮಲಪ್ರಭೆಯ ಮಳೆ, ಮಲಪ್ರಭೆಯ ಮಂದಿ



ಹವಾಮಾನ ಬದಲಾವಣೆ ಮತ್ತು ಜನಜೀವನದ ಭೂಗೋಳ ಎಂಬ ವಿಷಯವನ್ನು ನನಗೆ ಒಪ್ಪಿಸಿದ್ದೀರಿ. ಇದನ್ನು ಇಡೀ ಭೂಮಂಡಲಕ್ಕೆ ಹರಡಿ ಮಾತಾಡಿದರೆ ಹಿಮನದಿ, ಧ್ರುವಪ್ರದೇಶ, ಸಮುದ್ರಮಟ್ಟ ಎಂದು ಎಲ್ಲ ಕಡೆ ಸುತ್ತಿ, ಯಾವುದನ್ನೂ ನಿಂತು ನೋಡದೆ ಎದ್ದುಹೋಗಬೇಕಾದೀತು. ಆದ್ದರಿಂದ ಒಂದೇ ಒಂದು ಹೊಳೆಯನ್ನು ಆರಿಸಿಕೊಂಡಿದ್ದೇನೆ. ಅದು ಮಲಪ್ರಭೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, 304 ಕಿಲೋಮೀಟರ್ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹುಟ್ಟಿನಿಂದ ಸಂಗಮದವರೆಗೆ ಅದು ಕರ್ನಾಟಕದೊಳಗೇ ಹರಿಯುತ್ತದೆ. ಹೀಗಾಗಿ ಈ ಹೊಳೆಯಲ್ಲಿ ನೀರು ಬತ್ತಿದರೂ ಉಕ್ಕಿದರೂ ಮೇಲಿನ ರಾಜ್ಯದವರು ಹೀಗೆ ಮಾಡಿದರು ಎಂದು ದೂರಲು ಬರುವುದಿಲ್ಲ. ಆಗಿರುವುದರಲ್ಲಿ ಆಕಾಶದ ಪಾಲೆಷ್ಟು, ನಮ್ಮ ಪಾಲೆಷ್ಟು ಎಂದು ಬಿಡಿಸಿ ನೋಡುವುದಕ್ಕೆ ಇದು ತಕ್ಕ ಜಾಗ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಬದಲಾಗುತ್ತಿರುವ ಹವಾಮಾನ ಖಾಲಿ ನೆಲದ ಮೇಲೆ ಬಂದಿಳಿಯುವುದಿಲ್ಲ. ಯಾರ ಮನೆ ಎಲ್ಲಿರಬೇಕು, ಯಾವ ಹೊಲಕ್ಕೆ ಕಾಲುವೆ ಹೋಗಬೇಕು, ಹೊಳೆಗೆ ಎಷ್ಟು ಅಗಲ ಬಿಡಬೇಕು ಎಂಬುದೆಲ್ಲ ಅದು ಬರುವ ಹೊತ್ತಿಗೆ ತೀರ್ಮಾನವಾಗಿರುತ್ತದೆ. ಆ ತೀರ್ಮಾನ ಯಾರು ಮಾಡಿದರು, ಅದರ ಭಾರ ಯಾರು ಹೊತ್ತರು ಎಂದು ಕೇಳದೆ ಮಳೆಯ ಲೆಕ್ಕವನ್ನಷ್ಟೇ ಹಿಡಿದು ಕೂತರೆ, ಮುಂದಿನ ಬರದಲ್ಲೂ ಮುಂದಿನ ನೆರೆಯಲ್ಲೂ ಅದೇ ಊರುಗಳು, ಅದೇ ಮನೆಗಳು ನೋಯುತ್ತವೆ.

ಈಗ ಹೊಳೆಯ ಜೊತೆ ನಡೆಯೋಣ. ಕಣಕುಂಬಿಯ ಸುತ್ತ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಸವದತ್ತಿ ದಾಟಿದ ಮೇಲೆ ಅದು 600 ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ನೇರ ಗೆರೆ ಎಳೆದರೆ ಈ ಎರಡರ ನಡುವೆ ಇರುವುದು ಸುಮಾರು ನೂರು ಕಿಲೋಮೀಟರ್. ಅರಬ್ಬಿ ಸಮುದ್ರದ ಗಾಳಿ ಸಹ್ಯಾದ್ರಿಯನ್ನು ಏರುವಾಗ ತಂಪಾಗಿ ತನ್ನ ನೀರನ್ನೆಲ್ಲ ಅಲ್ಲಿ ಸುರಿದುಬಿಡುತ್ತದೆ. ಪೂರ್ವಕ್ಕೆ ಇಳಿಯುವಾಗ ಅದೇ ಗಾಳಿ ಬೆಚ್ಚಗಾಗಿ ಒಣಗುತ್ತದೆ. ಶಾಲೆಯ ಪುಸ್ತಕದಲ್ಲಿ ಮಳೆನೆರಳು ಎಂದು ಓದಿದ್ದು ಇದೇ.

ಆದರೆ ಮಳೆಮಾಪಕ ನೋಡದೆಯೂ ಇದನ್ನು ತಿಳಿಯಬಹುದು, ಮನೆಗಳ ಮಾಡನ್ನು ನೋಡುತ್ತ ಬಂದರೆ ಸಾಕು. ಕಣಕುಂಬಿ, ಜಾಂಬೋಟಿಯ ಕಡೆ ಕಡಿದಾದ ಇಳಿಜಾರಿನ ಹೆಂಚಿನ ಮಾಡು, ಗೋಡೆಯನ್ನು ಮರೆಮಾಡುವಷ್ಟು ಕೆಳಗಿಳಿದ ಸೂರು. ಊಟದ ತಟ್ಟೆಯಲ್ಲಿ ಅನ್ನ. ಖಾನಾಪುರ, ಎಂ.ಕೆ. ಹುಬ್ಬಳ್ಳಿ ದಾಟುತ್ತ ಇಳಿಜಾರು ತಗ್ಗುತ್ತದೆ. ಸವದತ್ತಿ, ನರಗುಂದ, ರೋಣ, ಬಾದಾಮಿ ಎನ್ನುವಷ್ಟರಲ್ಲಿ ಮಾಡೇ ಇಲ್ಲ, ಚಪ್ಪಟೆಯ ಮಾಳಿಗೆ. ತೊಲೆಗಳ ಮೇಲೆ ಹಲಗೆ, ಅದರ ಮೇಲೆ ದಪ್ಪನೆಯ ಮಣ್ಣು, ಬೆಳಕಿಗೆ ಒಂದು ಬೆಳಕಿಂಡಿ. ಮೇಲೆ ಮೆಣಸಿನಕಾಯಿ ಹರವಬಹುದು, ಬೇಸಗೆಯ ರಾತ್ರಿ ಮಲಗಬಹುದು. ತಟ್ಟೆಯಲ್ಲಿ ಜೋಳದ ರೊಟ್ಟಿ. ಆ ದಪ್ಪ ಮಣ್ಣು ಬಿಸಿಲನ್ನು ತಡೆಯುತ್ತದೆ, ವರ್ಷದ 600 ಮಿಲಿಮೀಟರನ್ನೂ ತಾಳಿಕೊಳ್ಳುತ್ತದೆ. ಆದರೆ ಅದು ಹನಿಹನಿಯಾಗಿ, ದಿನಗಳ ಅಂತರದಲ್ಲಿ ಬೀಳಬೇಕು. ತಿಂಗಳ ಮಳೆ ಎರಡು ದಿನದಲ್ಲಿ ಸುರಿದರೆ ನೆನೆದ ಮಣ್ಣಿನ ಭಾರವೇ ತೊಲೆಯನ್ನು ಮುರಿಯುತ್ತದೆ, ಮಣ್ಣಿನ ಗೋಡೆ ಬುಡದಿಂದ ಕುಸಿಯುತ್ತದೆ. 2009ರ ನೆರೆಯಲ್ಲೂ 2019ರ ನೆರೆಯಲ್ಲೂ ಈ ಸೀಮೆಯಲ್ಲಿ ಬಿದ್ದ ಮನೆಗಳ ಬಹುಪಾಲು ಇಂಥವೇ. ಮನೆ ಕಟ್ಟಿದವರಿಗೆ ತಮ್ಮ ಮಳೆ ಚೆನ್ನಾಗಿ ಗೊತ್ತಿತ್ತು. ಮಳೆಯೇ ತನ್ನ ನಡತೆಯನ್ನು ಬದಲಿಸಿತು.

ಎರೆ ಸೀಮೆಯ ಬೇಸಾಯವೂ ಹೀಗೆಯೇ ಮಳೆಯ ನಡತೆಯನ್ನು ನೋಡಿ ಕಟ್ಟಿಕೊಂಡದ್ದು. ಎರೆ ಮಣ್ಣು ನೀರನ್ನು ಬಹಳ ದಿನ ಹಿಡಿದಿಡುತ್ತದೆ. ಮುಂಗಾರಿನಲ್ಲಿ ಹೊಲವನ್ನು ಹದ ಮಾಡಿ, ನೀರು ಕುಡಿಸಿ, ಉತ್ತರಿ ಹಸ್ತಿ ಮಳೆಯ ಹೊತ್ತಿಗೆ ಹಿಂಗಾರಿ ಬಿತ್ತುವುದು ಇಲ್ಲಿಯ ಪದ್ಧತಿ. ಬಿಳಿಜೋಳ, ಕಡಲೆ, ಕುಸುಬಿ, ಗೋಧಿ, ಜಯಧರ ಹತ್ತಿ. ಬಿತ್ತಿದ ಮೇಲೆ ಮಳೆ ಬಾರದಿದ್ದರೂ ಮಣ್ಣಿನೊಳಗಿನ ಹಸಿ ಮತ್ತು ಚಳಿಗಾಲದ ಇಬ್ಬನಿ ಸೇರಿ ಜೋಳವನ್ನು ತೆನೆಯವರೆಗೆ ಒಯ್ಯುತ್ತವೆ. ಒಳ್ಳೆಯ ವರ್ಷದ ಕಾಳನ್ನು ಕೆಟ್ಟ ವರ್ಷಕ್ಕೆ ಉಳಿಸಲು ಹಗೇವು ಇರುತ್ತಿತ್ತು. ನೆಲದೊಳಗೆ ತೋಡಿದ ಆ ಕುಣಿಯಲ್ಲಿ ಜೋಳ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ತಾಗದೆ ಇರುತ್ತಿತ್ತು. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಪೂರ್ತಿ ಹೊರಹೋಗಲು ಬಿಟ್ಟು ಆಮೇಲೆ ಇಳಿಯುತ್ತಿದ್ದರು. ಬರ ಬಂದೇ ಬರುತ್ತದೆ ಎಂಬ ತಿಳಿವಳಿಕೆಯ ಮೇಲೆ ನಿಂತ ಬದುಕು ಅದು.

ಆ ಕಾಲ ಸುಖದ ಕಾಲವಾಗಿತ್ತು ಎಂದು ಯಾರೂ ತಿಳಿಯಬಾರದು. 1876ರಿಂದ 1878ರವರೆಗಿನ ಬರದಲ್ಲಿ ಮುಂಬಯಿ ಪ್ರಾಂತದಲ್ಲಿ ಅತಿ ಹೆಚ್ಚು ಬಳಲಿದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. ಬಾದಾಮಿ, ಹುನಗುಂದಗಳು ಆಗ ಆ ಜಿಲ್ಲೆಯಲ್ಲಿದ್ದವು. ಮಳೆ ಸೋತದ್ದು ನಿಜ. ಆದರೆ ಜನ ಸತ್ತದ್ದು ಮಳೆ ಸೋತದ್ದರಿಂದ ಮಾತ್ರವಲ್ಲ. ಧಾನ್ಯ ದೇಶದಿಂದ ಹೊರಹೋಗುವುದು ನಿಲ್ಲಲಿಲ್ಲ. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆಯನ್ನೇ ಆಧಾರವಾಗಿಟ್ಟು ಕೂಲಿ ಗೊತ್ತುಮಾಡಿದ್ದು 1877ರಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್. ಖಜಾನೆಯ ಉಳಿತಾಯವೇ ಅವರಿಗೆ ಮುಖ್ಯವಾಗಿತ್ತು. ಬರದ ಚರಿತ್ರೆಯನ್ನು ಮಳೆಯ ಚರಿತ್ರೆಯಾಗಿ ಮಾತ್ರ ಬರೆದರೆ ಆ ಆದೇಶ ಕಾಣದೆ ಹೋಗುತ್ತದೆ. ಇಂದಿನ ವಿಷಯದಲ್ಲೂ ನನಗಿರುವ ಆತಂಕ ಇದೇ. ಎಲ್ಲವನ್ನೂ ಹವಾಮಾನದ ಲೆಕ್ಕಕ್ಕೆ ಹಾಕಿದರೆ ಆದೇಶ ಕೊಟ್ಟ ಕೈಗಳು ಕಾಣುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಈ ಹೊಳೆಗೆ ಆದ ದೊಡ್ಡ ಬದಲಾವಣೆ ಸವದತ್ತಿಯ ಹತ್ತಿರದ ನವಿಲುತೀರ್ಥದ ಅಣೆಕಟ್ಟು. 1970ರ ದಶಕದ ಮೊದಲ ವರ್ಷಗಳಲ್ಲಿ ಅದು ಮುಗಿಯಿತು. ಅದರ ಹಿಂದಿನ ರೇಣುಕಾಸಾಗರದಲ್ಲಿ ಸುಮಾರು 37.7 ಟಿಎಂಸಿ ನೀರು ಹಿಡಿಯುತ್ತದೆ. ಎರಡು ದಂಡೆಯ ಕಾಲುವೆಗಳಿಂದ ಎರಡು ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲಕ್ಕೆ ನೀರು ಕೊಡುವುದು ಗುರಿ. ಬರದ ನಾಡಿಗೆ ಕಾಲುವೆ ಬರುವುದೆಂದರೆ ಏನು ಎಂದು ನವಲಗುಂದ, ನರಗುಂದದ ಹಿರಿಯರನ್ನು ಕೇಳಿದರೆ ಇಂದಿಗೂ ಅವರ ದನಿ ಬದಲಾಗುತ್ತದೆ. ಆ ಆಸೆ ಸುಳ್ಳಲ್ಲ. ಜೋಳ, ಹತ್ತಿ, ಗೋಧಿ, ಮೆಣಸಿನಕಾಯಿಗೆ ಹದವಾಗಿ ನೀರು ಹಾಯಿಸುವ ಯೋಜನೆ ಅದು.

ಆದರೆ ಕಾಲುವೆ ಹುಟ್ಟುವ ಕಡೆಯ ಹೊಲವೂ ಕಾಲುವೆ ಮುಗಿಯುವ ಕಡೆಯ ಹೊಲವೂ ನಕಾಶೆಯಲ್ಲಿ ಒಂದೇ ಬಣ್ಣದಲ್ಲಿದ್ದರೂ ನೆಲದ ಮೇಲೆ ಒಂದೇ ಆಗಲಿಲ್ಲ. ಮೇಲಿನವರಿಗೆ ಬೇಕಾದಾಗ ನೀರು, ಕೊನೆಯವರಿಗೆ ಉಳಿದರೆ ನೀರು. ಹೀಗಿರುವಾಗ ನೀರಾವರಿಯಿಂದ ಭೂಮಿಯ ಬೆಲೆ ಏರಿದೆಯೆಂದು ಅಭಿವೃದ್ಧಿ ಕರ ಹಾಕಿದರು, ನೀರೇ ಮುಟ್ಟದ ಹೊಲಗಳಿಗೂ ಹಾಕಿದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು, ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಆ ದಿನವನ್ನು ಇಂದಿಗೂ ರೈತ ಹುತಾತ್ಮ ದಿನ ಎಂದು ನೆನೆಯುತ್ತೇವೆ. ರಾಜ್ಯದ ರೈತ ಚಳವಳಿಗೆ ಕಾವು ಕೊಟ್ಟ ಆ ಬಂಡಾಯವನ್ನು ನಾನು ಭೂಗೋಳದ ಪಾಠವಾಗಿಯೂ ಓದುತ್ತೇನೆ. ಕಾಲುವೆಯ ಕೊನೆಯಲ್ಲಿ ಇರುವವರು ನೀರಿನಲ್ಲಿ ಕೊನೆಯವರು, ಕರದಲ್ಲಿ ಮಾತ್ರ ಎಲ್ಲರಿಗೂ ಸಮ ಎಂಬ ಅನ್ಯಾಯವನ್ನು ಅವರು ಜೀವ ಕೊಟ್ಟು ಹೇಳಿದರು.

ಮುಂದೆ ಕಬ್ಬು ಬಂತು. ಅಣೆಕಟ್ಟಿನ ಮೇಲ್ಭಾಗದಲ್ಲಿ ಹೊಳೆದಂಡೆಯ ಪಂಪುಗಳು ನೇರವಾಗಿ ನೀರೆತ್ತುತ್ತವೆ. ಕೆಳಗೆ ಕಾಲುವೆಯ ತಲೆಭಾಗದ ಹೊಲಗಳು ಕಬ್ಬಿಗೆ ತಿರುಗಿವೆ. ಕಬ್ಬು ವರ್ಷವಿಡೀ ನೆಲದಲ್ಲಿ ನಿಲ್ಲುವ, ವರ್ಷವಿಡೀ ಕುಡಿಯುವ ಬೆಳೆ. ಅದನ್ನು ಬೆಳೆದ ರೈತನನ್ನು ನಾನು ದೂರುವುದಿಲ್ಲ. ಜೋಳಕ್ಕೂ ಕಡಲೆಗೂ ಇಲ್ಲದ ಖಾತರಿಯ ಗಿರಾಕಿ, ಸಾಲ ಕೊಡುವ ಬ್ಯಾಂಕು, ತೂಕ ಹಾಕಿ ಒಯ್ಯುವ ಕಾರ್ಖಾನೆ ಅದಕ್ಕಿದೆ. ಆದರೆ ಎರೆ ಮಣ್ಣಿಗೆ ಬಸಿಗಾಲುವೆಯಿಲ್ಲದೆ ನೀರು ನಿಲ್ಲಿಸುತ್ತ ಹೋದರೆ ಉಪ್ಪು ಮೇಲೇಳುತ್ತದೆ. ಸವುಳು ಜವುಳಾಗಿ ಬೀಳುಬಿದ್ದ ಹೊಲಗಳು ಈ ಅಚ್ಚುಕಟ್ಟಿನಲ್ಲಿ ಸಾಕಷ್ಟಿವೆ. ಒಂದೇ ಕಾಲುವೆಯ ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ನೆಲ ಕೆಟ್ಟಿದೆ, ಕೊನೆಯಲ್ಲಿ ನೀರು ಮುಟ್ಟದೆ ನೆಲ ಬಿರಿದಿದೆ. ಇದರಲ್ಲಿ ಹವಾಮಾನ ಬದಲಾವಣೆಯ ಪಾಲು ಏನೂ ಇಲ್ಲ, ಪೂರ್ತಿ ನಮ್ಮದೇ.

ಈ ನೆಲದ ಮೇಲೆ ಈಗ ಬದಲಾದ ಆಕಾಶ ಬಂದು ಕೂತಿದೆ. ಕೇಂದ್ರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಭಾರತದ ಹವಾಮಾನ ಬದಲಾವಣೆಯ ಬಗ್ಗೆ ಒಂದು ದೊಡ್ಡ ವರದಿ ತಂದಿತು. ಅದರ ಪ್ರಕಾರ 1901ರಿಂದ 2018ರ ನಡುವೆ ದೇಶದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. 1951ರಿಂದ 2015ರ ನಡುವೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು 1 ಡಿಗ್ರಿ ಬಿಸಿಯಾಗಿದೆ. ಅದೇ ಅವಧಿಯಲ್ಲಿ ಮುಂಗಾರು ಮಳೆ ಒಟ್ಟಾರೆ ಶೇ 6ರಷ್ಟು ತಗ್ಗಿದೆ. ಇಳಿಕೆ ಎದ್ದು ಕಾಣುವ ಎರಡು ಪ್ರದೇಶಗಳು ಗಂಗಾ ಬಯಲು ಮತ್ತು ಪಶ್ಚಿಮಘಟ್ಟ. ಇನ್ನೊಂದು ಕಡೆ, ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆಗಳು 1950ರ ಈಚೆಗೆ ಶೇ 75ರಷ್ಟು ಹೆಚ್ಚಾಗಿವೆ. ಒಟ್ಟು ಮಳೆ ತಗ್ಗುವುದು, ಬಿದ್ದಾಗ ಹುಚ್ಚಾಗಿ ಬೀಳುವುದು, ಈ ಎರಡೂ ಒಟ್ಟಿಗೆ ಹೇಗೆ ಆಗುತ್ತವೆ ಎಂದು ಹಲವರು ಕೇಳುತ್ತಾರೆ. ಗಾಳಿ 1 ಡಿಗ್ರಿ ಬೆಚ್ಚಗಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಹಾಗಾಗಿ ಕೆಲವೊಮ್ಮೆ ಅದು ಬಿಡದೆ ಹಿಡಿದುಕೊಂಡಿರುತ್ತದೆ, ಬಿಟ್ಟಾಗ ಒಂದೇ ಸಲಕ್ಕೆ ಬಿಡುತ್ತದೆ. ಮಳೆಯ ಒಟ್ಟು ಲೆಕ್ಕಕ್ಕಿಂತ ಅದು ಹಂಚಿಕೆಯಾಗುವ ದಿನಗಳ ಲೆಕ್ಕ ರೈತನಿಗೆ ಮುಖ್ಯ. ಹಸ್ತಿ ಮಳೆ ಹದಿನೈದು ದಿನ ತಡವಾದರೆ ವರ್ಷದ ಸರಾಸರಿ ಸರಿಯಿದ್ದೂ ಹಿಂಗಾರಿ ಹೋಗುತ್ತದೆ.

2009 ಇದಕ್ಕೆ ಸಾಕ್ಷಿ. ಆ ವರ್ಷ ದೇಶದ ಮುಂಗಾರು ಶೇ 22ರಷ್ಟು ಕಡಿಮೆ, ಅಂದರೆ ಬರದ ವರ್ಷ. ಉತ್ತರ ಕರ್ನಾಟಕ ಬರದ ಮಾತಾಡುತ್ತಿರುವಾಗಲೇ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಸುರಿದ ಮಳೆಗೆ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಹತ್ತು ವರ್ಷದ ಮೇಲೆ, 2019ರಲ್ಲಿ, ಜುಲೈವರೆಗೂ ಕೇಳಿಬರುತ್ತಿದ್ದುದು ಬರದ ಮಾತೇ. ಆಗಸ್ಟ್ ಮೊದಲ ವಾರದಲ್ಲಿ ಘಟ್ಟದ ಮೇಲೆ ಮಳೆ ಕಟ್ಟೊಡೆದಂತೆ ಸುರಿಯಿತು. ನವಿಲುತೀರ್ಥದ ಗೇಟುಗಳನ್ನು ತೆರೆದರು. ರಾಮದುರ್ಗ, ಕೊಣ್ಣೂರು, ಹೊಳೆಆಲೂರುಗಳಿಗೆ ನೀರು ನುಗ್ಗಿತು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ಹೊಳೆ ನಿಂತಿತು. ಚಾಲುಕ್ಯರ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಅಲ್ಲಿ ಸುಮಾರು 1,280 ವರ್ಷಗಳಿಂದ ನಿಂತಿದೆ. ಕಲ್ಲಿನ ಗುಡಿ ಆ ನೆರೆಯನ್ನೂ ತಡೆದುಕೊಂಡಿತು, ಸುತ್ತಲಿನ ಊರುಗಳ ಮಣ್ಣಿನ ಗೋಡೆಗಳು ತಡೆದುಕೊಳ್ಳಲಿಲ್ಲ.

ಅಣೆಕಟ್ಟಿನ ಅಧಿಕಾರಿಗಳು ನೀರನ್ನು ಮೊದಲೇ ಬಿಡಬಾರದಿತ್ತೇ ಎಂಬ ಪ್ರಶ್ನೆ ಆಗ ಎದ್ದಿತು. ಅದನ್ನು ಹಗುರವಾಗಿ ನೋಡಬಾರದು. ಹುಬ್ಬಳ್ಳಿ ಧಾರವಾಡದ ಕುಡಿಯುವ ನೀರು ಬರುವುದು ಇದೇ ಜಲಾಶಯದಿಂದ. ಕಟ್ಟಿದ ಮೇಲೆ ಅದು ಪೂರ್ತಿ ತುಂಬಿದ ವರ್ಷಗಳೇ ಕಡಿಮೆ. ಜುಲೈ ಕೊನೆಯಲ್ಲಿ ನೆರೆಯ ಭಯಕ್ಕೆ ಜಾಗ ಖಾಲಿ ಇಟ್ಟು, ಆಗಸ್ಟಿನಲ್ಲಿ ಮಳೆ ಕೈಕೊಟ್ಟರೆ ಬೇಸಗೆಯಲ್ಲಿ ಅವಳಿ ನಗರಕ್ಕೆ ನೀರಿಲ್ಲ, ಹಿಂಗಾರಿಗೆ ಕಾಲುವೆಯಿಲ್ಲ. ತುಂಬಿಸಿಟ್ಟುಕೊಂಡು ಒಮ್ಮೆಲೇ ಮಳೆ ಬಂದರೆ ಕೆಳಗಿನ ಊರುಗಳು ಮುಳುಗುತ್ತವೆ. ಮಳೆ ಒಂದು ಲಯದಲ್ಲಿ ಬರುತ್ತಿದ್ದ ಕಾಲದ ಅಂಕಿಗಳನ್ನು ಹಿಡಿದು ಬರೆದ ನಿಯಮಗಳು ಈ ಇಕ್ಕಟ್ಟನ್ನು ಬಿಡಿಸಲಾರವು. ಅದರ ಮೇಲೆ ಇನ್ನೊಂದು ಸಂಗತಿ ಇದೆ. ಬೆಣ್ಣಿಹಳ್ಳ ಅಣೆಕಟ್ಟಿನ ಕೆಳಗೆ ಬಂದು ಮಲಪ್ರಭೆಯನ್ನು ಸೇರುತ್ತದೆ. ತುಪ್ಪರಿಹಳ್ಳದ ನೀರನ್ನೂ ಹುಬ್ಬಳ್ಳಿಯ ಚರಂಡಿ ನೀರನ್ನೂ ಅದೇ ಹೊತ್ತು ತರುತ್ತದೆ. ಅದನ್ನು ತಡೆಯುವ ಗೇಟೇ ಇಲ್ಲ. ನಗರ ಬೆಳೆದಷ್ಟೂ ಕಾಂಕ್ರೀಟು ಮತ್ತು ಡಾಂಬರಿನ ಮೇಲೆ ಬಿದ್ದ ಮಳೆ ಇಂಗದೆ ಓಡುತ್ತದೆ. ನವಿಲುತೀರ್ಥದ ಗೇಟು ಮುಚ್ಚಿದ್ದರೂ ನವಲಗುಂದ, ರೋಣದ ಹೊಲಗಳು ಮುಳುಗುವುದು ಹೀಗೆ.

ಇಷ್ಟಾದರೂ ನೀರು ಊರಿಗೇ ಏಕೆ ನುಗ್ಗಬೇಕು? ಹೊಳೆಪಾತ್ರ ಇಕ್ಕಟ್ಟಾಗಿರುವುದರಿಂದ. ಅಣೆಕಟ್ಟು ಬಂದ ಮೇಲೆ ಕೆಳಗೆ ವರ್ಷದ ಬಹುಪಾಲು ನೀರೇ ಇರಲಿಲ್ಲ. ನೆರೆ ಬಾರದ ವರ್ಷಗಳು ಸಾಲುಸಾಲಾಗಿ ಹೋದವು. ನೀರಿಲ್ಲದ ಹೊಳೆಯ ಅಂಚಿನಲ್ಲಿ ಮೆಕ್ಕಲು ಮಣ್ಣು ಇತ್ತು. ಜನ ಅದನ್ನು ಸಮ ಮಾಡಿ ಉತ್ತರು, ವರ್ಷ ವರ್ಷ ಒಂದಿಷ್ಟು ಮುಂದೆ ಸರಿದರು, ಕಬ್ಬು ನೆಟ್ಟರು. ಆಳೆತ್ತರದ ಕಬ್ಬು ಹರಿಯುವ ನೀರನ್ನು ತಡೆಯುತ್ತದೆ. ಎಲ್ಲೆಡೆ ಜಾಲಿ ಬೆಳೆಯಿತು, ಮರಳು ತೆಗೆದ ಗುಂಡಿಗಳು ದಡವನ್ನು ಸಡಿಲ ಮಾಡಿದವು. ಅಗಲವಾಗಿ ಹರಡಿ ಹರಿಯಬೇಕಾದ ನೀರು ಈಗ ಸ್ವಲ್ಪ ಬಿಟ್ಟರೂ ದಡ ಮೀರುತ್ತದೆ. ಹೊಳೆ ತನ್ನ ಜಾಗವನ್ನು ಬಿಟ್ಟುಕೊಟ್ಟಿದೆ ಎಂದು ನಾವು ತಿಳಿದುಕೊಂಡ ಹೊತ್ತಿನಲ್ಲೇ ಸಮುದ್ರ ಬಿಸಿಯಾಗುತ್ತಿತ್ತು.

2009ರ ನೆರೆಯ ನಂತರ ಸರ್ಕಾರ, ದಾನಿಗಳು ಸೇರಿ ಎತ್ತರದ ಜಾಗಗಳಲ್ಲಿ ಆಸರೆ ಮನೆಗಳನ್ನು ಕಟ್ಟಿದರು. ಒಳ್ಳೆಯ ಮನಸ್ಸಿನ ಕೆಲಸವೇ. ಆದರೆ ಅಲ್ಲಿಗೆ ಹೋಗದೆ ಹಳೆಯ ಊರಲ್ಲೇ ಉಳಿದವರು ಬಹಳ, ಹೋಗಿ ಹಿಂದಿರುಗಿದವರೂ ಇದ್ದಾರೆ. 2019ರಲ್ಲಿ ಅವರಲ್ಲಿ ಅನೇಕರ ಮನೆಗಳು ಮತ್ತೆ ನೀರು ಕಂಡವು. ಎಷ್ಟು ಹೇಳಿದರೂ ಕೇಳದ ಜನ ಎಂದು ಕಚೇರಿಗಳಲ್ಲಿ ಗೊಣಗುವುದನ್ನು ಕೇಳಿದ್ದೇನೆ. ಆ ಮಾತು ನನಗೆ ನೋವು ಕೊಡುತ್ತದೆ. ಎರಡು ಕೋಣೆಯ ಆ ಮನೆಯಲ್ಲಿ ಎತ್ತು, ಎಮ್ಮೆ ಎಲ್ಲಿ ಕಟ್ಟಬೇಕು? ಹೊಟ್ಟು ಮೇವು ಎಲ್ಲಿ ಒಟ್ಟಬೇಕು? ಕೊಯ್ದ ಜೋಳ, ಕಟ್ಟಿದ ಬಂಡಿ, ರಂಟಿ ಕುಂಟಿ ಎಲ್ಲಿ ಇಡಬೇಕು? ಎರೆ ಸೀಮೆಯ ಹಳೆಯ ಮನೆಯಲ್ಲಿ ಮುಂಭಾಗದಲ್ಲೇ ದನಗಳಿಗೆ ಜಾಗ, ಅದನ್ನು ದಾಟಿ ಮೆಟ್ಟಿಲು ಹತ್ತಿದರೆ ಪಡಸಾಲೆ. ಮನುಷ್ಯರೂ ದನಗಳೂ ಒಂದೇ ಮಾಳಿಗೆಯ ಕೆಳಗೆ ಬಾಳಿದ ಮನೆ ಅದು. ಹೊಸ ಬಡಾವಣೆಯಿಂದ ಹೊಲ ದೂರ, ಹೊಳೆ ದೂರ, ಕೆಲವು ಕಡೆ ಕುಡಿಯುವ ನೀರೂ ದೂರ. ಅಣ್ಣತಮ್ಮಂದಿರು ಬೇರೆಯಾಗಿದ್ದರೂ ಎಣಿಕೆಯಲ್ಲಿ ಒಂದೇ ಕುಟುಂಬ, ಒಂದೇ ಮನೆ. ಭೂಮಿಯಿಲ್ಲದವರಿಗೆ, ತಳಸಮುದಾಯದವರಿಗೆ ಇನ್ನೊಂದು ತೊಡಕಿದೆ. ಹಳೆಯ ಊರಲ್ಲಿ ಅವರ ಕೇರಿ ಹಲವೆಡೆ ಹೊಳೆಗೆ ಹತ್ತಿರದ ತಗ್ಗಿನಲ್ಲಿರುತ್ತದೆ, ನೀರು ಮೊದಲು ಬರುವುದು ಅಲ್ಲಿಗೆ. ಹಾಗಿದ್ದೂ ಕೂಲಿ ಸಿಗುವುದು ಆ ಊರಿನ ಹೊಲಗಳಲ್ಲೇ. ನೀರಿನಿಂದ ದೂರವಾಗುವುದೆಂದರೆ ಅವರಿಗೆ ಕೂಲಿಯಿಂದಲೂ ದೂರವಾಗುವುದು.

ಬರದಲ್ಲಿ ಈ ಜನ ಗುಳೆ ಹೋಗುತ್ತಾರೆ. ಬಾದಾಮಿ, ಹುನಗುಂದ, ರೋಣ, ಗದಗದ ಕಡೆಯವರು ಗೋವಾದ ವಾಸ್ಕೊ, ಜುವಾರಿನಗರಗಳಲ್ಲಿ ಎರಡು ಮೂರು ತಲೆಮಾರಿನಿಂದ ಇದ್ದಾರೆ. ಮಂಗಳೂರು, ಉಡುಪಿಯ ಕಟ್ಟಡ ಕೆಲಸದ ಬೆನ್ನೆಲುಬೇ ಇವರು. ಬೆಳಗ್ಗೆ ಆ ಊರುಗಳ ವೃತ್ತಗಳಲ್ಲಿ ಕೂಲಿಗೆ ಕಾದು ನಿಂತವರ ಮಾತು ಕೇಳಿದರೆ ಮಲಪ್ರಭೆಯ ದಂಡೆಯ ಕನ್ನಡ ಕಿವಿಗೆ ಬೀಳುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷದಲ್ಲಿ ಹಳ್ಳಿಯಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಹೋದವರು ಮಳೆ ಕಡಿಮೆಯಾದ ಊರಿನಿಂದ ಮಳೆ ವಿಪರೀತವಾದ ಊರಿಗೆ ಹೋಗಿ, ಅಲ್ಲಿ ತಗಡಿನ ಶೆಡ್ಡಿನಲ್ಲೋ, ಅಗೆದ ಗುಡ್ಡದ ಬುಡದಲ್ಲೋ ಇರುತ್ತಾರೆ. ಒಂದೇ ಕುಟುಂಬ ಬದಲಾದ ಹವಾಮಾನದ ಎರಡೂ ಮುಖಗಳನ್ನು ಒಂದೇ ವರ್ಷದಲ್ಲಿ ಕಾಣುತ್ತದೆ.

ಗೋವಾ ಎಂದ ಕೂಡಲೇ ನಿಮ್ಮ ಮನಸ್ಸಿಗೆ ಅಲ್ಲಿಗೆ ಹರಿಯುವ ಮಹದಾಯಿ ಹೊಳೆ ಬಂದಿರಬೇಕು. 2015ರಲ್ಲಿ ನರಗುಂದದಲ್ಲಿ ರೈತರು ಧರಣಿ ಕೂತರು, ಅದು ವರ್ಷಗಟ್ಟಲೆ ನಡೆಯಿತು. ಮಹದಾಯಿಯನ್ನು ಸೇರುವ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕು ಎಂಬುದು ಅವರ ಬೇಡಿಕೆ. ಆ ಧರಣಿಯ ನಿಷ್ಠೆಗೆ ನಾನು ತಲೆಬಾಗುತ್ತೇನೆ. ಹುಬ್ಬಳ್ಳಿ ಧಾರವಾಡಕ್ಕೆ, ಸುತ್ತಲಿನ ಊರುಗಳಿಗೆ ಕುಡಿಯುವ ನೀರು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ರೈತರಿಗೆ ನಿಜವನ್ನೂ ಹೇಳಬೇಕು. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕೊಟ್ಟ ತೀರ್ಪಿನಲ್ಲಿ ಕಳಸಾ, ಬಂಡೂರಿ ಎರಡಕ್ಕೂ ಸೇರಿ ಸಿಕ್ಕಿದ್ದು 3.9 ಟಿಎಂಸಿ. ರೇಣುಕಾಸಾಗರದ ಸಾಮರ್ಥ್ಯದ ಸುಮಾರು ಹತ್ತನೇ ಒಂದು ಪಾಲು. ಅದು ಬಾಯಾರಿಕೆ ತೀರಿಸಬಹುದು, ಕಾಲುವೆಯ ಕೊನೆಯ ಹೊಲಕ್ಕೆ ಮುಟ್ಟಲಾರದು. ಮತ್ತೂ ಒಂದು ಮಾತು. ಮಹದಾಯಿ ಹುಟ್ಟುವುದೂ ಅದೇ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ. ಘಟ್ಟದ ಮಳೆ ಸೋತ ವರ್ಷ ಮಲಪ್ರಭೆ ಬತ್ತಿದರೆ ಮಹದಾಯಿಯೂ ಬತ್ತುತ್ತದೆ. ಒಂದೇ ಮೋಡವನ್ನು ನಂಬಿದ ಎರಡು ಹೊಳೆಗಳು ಬರದಲ್ಲಿ ಒಂದಕ್ಕೊಂದು ಆಸರೆಯಾಗುವುದು ಕಷ್ಟ. ಈ ಮಾತನ್ನು ವೇದಿಕೆಗಳಲ್ಲಿ ಹೇಳದೆ, ನೀರು ಬಂದೇಬಿಡುತ್ತದೆ ಎಂದು ಚುನಾವಣೆಯಿಂದ ಚುನಾವಣೆಗೆ ಆಸೆ ಹುಟ್ಟಿಸುತ್ತ ಹೋಗುವುದು ಆ ರೈತರಿಗೆ ಮಾಡುವ ಅನ್ಯಾಯ.

ಖಾನಾಪುರದ ಕಾಡಿನವರನ್ನು ಇಂಥ ಚರ್ಚೆಗಳಲ್ಲಿ ಯಾರೂ ಕರೆಯುವುದಿಲ್ಲ. 2011ರಲ್ಲಿ ವನ್ಯಧಾಮವೆಂದು ಘೋಷಣೆಯಾದ ಭೀಮಗಡದ ಒಳಗಿನ ಹಳ್ಳಿಗಳಿಗೆ ಮಳೆಗಾಲದಲ್ಲಿ ಹಳ್ಳ ದಾಟಿ ಹೋಗುವುದೇ ಕಷ್ಟ. ಕೆಳಗಿನ ನಗರಗಳು ಕುಡಿಯುವ ನೀರು ಆ ಕಾಡಿನ ಬೇರುಗಳ ನಡುವೆ ಇಂಗಿ, ಬೇಸಗೆಯಲ್ಲಿ ನಿಧಾನವಾಗಿ ಹೊರಬರುವ ನೀರು. ಮರ ಹೋದರೆ ಮಳೆಗಾಲದ ನೀರು ಬೇಗ ಓಡಿಬಿಡುತ್ತದೆ, ಮಾರ್ಚಿನಲ್ಲಿ ಹೊಳೆ ನಿಲ್ಲುತ್ತದೆ. ಹುಬ್ಬಳ್ಳಿಯ ನೀರಿನ ಬಿಲ್ಲಿನಲ್ಲಿ ಒಂದು ಸಣ್ಣ ಪಾಲು ಕಣಕುಂಬಿಯ ಕಡೆಯ ಪಂಚಾಯಿತಿಗಳಿಗೆ, ಕಾಡು ಉಳಿಸಿದ್ದಕ್ಕಾಗಿ, ಹೋಗಬೇಕು ಎಂದು ನಾನು ನಂಬುತ್ತೇನೆ. ಅದು ಕರುಣೆಯಿಂದ ಕೊಡುವ ಹಣವಾಗಬಾರದು, ನಾವು ಕುಡಿದ ನೀರಿನ ಬೆಲೆಯಾಗಬೇಕು.

ಕೆಳಗಿನ ಬಯಲಿನಲ್ಲಿ ಆಗಬೇಕಾದ್ದೂ ಇದೆ. ಹಿಂಗಾರಿ ಜೋಳಕ್ಕೆ, ಕಡಲೆಗೆ, ಕುಸುಬಿಗೆ ಬಿತ್ತುವ ಮುನ್ನವೇ ಬೆಲೆಯ ಖಾತರಿ ಸಿಗಬೇಕು. ಕಬ್ಬು ಬಿಡಿ ಎಂದು ಹೇಳುವ ಅಧಿಕಾರ ಅದಾದ ಮೇಲೆಯೇ ನಮಗೆ ಬರುತ್ತದೆ. ಪುನರ್ವಸತಿಯ ಮನೆಯ ನಕಾಶೆಯನ್ನು ಊರಿನ ಹೆಣ್ಣುಮಕ್ಕಳೂ ದನ ಸಾಕುವವರೂ ಕೂತು ತಿದ್ದಬೇಕು. ನಾನು ಹೆಚ್ಚು ಒತ್ತಿ ಹೇಳಬೇಕಾದ್ದು ಹೊಳೆಯ ಅಗಲದ ಬಗ್ಗೆ. ನವಿಲುತೀರ್ಥದಿಂದ ಕೂಡಲಸಂಗಮದವರೆಗೆ ಹೊಳೆಯ ಗಡಿಯನ್ನು ಅಳೆದು ಗುರುತು ಹಾಕಬೇಕು. ಹಾಗೆಂದ ಕೂಡಲೇ ಜೆಸಿಬಿ ಕಳಿಸಿ ಕಬ್ಬು ಕಿತ್ತೊಗೆಯುವ ಚಿತ್ರ ಕಣ್ಣಿಗೆ ಬರುತ್ತದೆ. ಹಾಗಾಗಬಾರದು. ಪಾತ್ರದೊಳಗೆ ಉಳುತ್ತಿರುವವರಲ್ಲಿ ಬೇರೆ ನೆಲವೇ ಇಲ್ಲದವರೂ ಇದ್ದಾರೆ, ನೂರು ಎಕರೆಯ ಧಣಿಗಳೂ ಇದ್ದಾರೆ. ಇಬ್ಬರಿಗೂ ಒಂದೇ ನೋಟಿಸು ಕೊಡುವುದು ನ್ಯಾಯವಲ್ಲ. ನೆಲವಿಲ್ಲದವನಿಗೆ ಬದಲಿ ನೆಲ ಕೊಟ್ಟೇ ಏಳಿಸಬೇಕು. ದೊಡ್ಡವರು ಪರಿಹಾರವಿಲ್ಲದೆ ಹೊಳೆಗೆ ಅದರ ಜಾಗ ಬಿಡಬೇಕು. ಬಿಟ್ಟ ಜಾಗದಲ್ಲಿ ನೀರಿಗೆ ಅಡ್ಡ ನಿಲ್ಲದ ಹುಲ್ಲು, ಮೇವು ಬೆಳೆದರೆ ಊರಿನ ದನಗಳಿಗಾಗುತ್ತದೆ.

ಗಡಿ ಎಲ್ಲಿ ಎಂದು ಬೆಂಗಳೂರಿನಲ್ಲಿ ಕೂತು ಗೆರೆ ಎಳೆಯುವುದು ಬೇಡ. 2009ರ ನೀರು ಯಾವ ಕಟ್ಟೆಯವರೆಗೆ ಬಂತು, 2019ರದು ಯಾರ ಮನೆಯ ಎಷ್ಟನೇ ಮೆಟ್ಟಿಲಿಗೆ ನಿಂತಿತು ಎಂಬುದು ಪ್ರತಿ ಊರಿಗೂ ಗೊತ್ತಿದೆ. ಗೋಡೆಗಳ ಮೇಲೆ ಇನ್ನೂ ಕಲೆಯಿದೆ. ಅದನ್ನು ಕಂಡವರು ಬದುಕಿರುವಾಗಲೇ ಬರೆದಿಡಬೇಕು. ತಾಲ್ಲೂಕಿನ ಸರ್ವೆಯರು, ಗ್ರಾಮ ಪಂಚಾಯಿತಿ, ಹತ್ತಿರದ ಕಾಲೇಜಿನ ಭೂಗೋಳ ವಿಭಾಗದ ಮಕ್ಕಳು ಸೇರಿದರೆ ಇದಕ್ಕೆ ದೊಡ್ಡ ಹಣ ಬೇಕಿಲ್ಲ. ರೋಣ ತಾಲ್ಲೂಕಿನಿಂದ ಶುರುಮಾಡಬಹುದು. ಬೆಣ್ಣಿಹಳ್ಳವೂ ಮಲಪ್ರಭೆಯೂ ಕೂಡುವುದು ಅಲ್ಲಿ. ಈ ಸಭೆಯಲ್ಲಿ ಭೂಗೋಳದ ಅಧ್ಯಾಪಕರು ಹಲವರಿದ್ದೀರಿ. ಬರುವ ಬೇಸಗೆಯ ರಜೆಗೆ ಮುಂಚೆ ನಿಮ್ಮ ಪ್ರಾಚಾರ್ಯರ ಹತ್ತಿರ, ಅಲ್ಲಿಯ ತಹಶೀಲ್ದಾರರ ಹತ್ತಿರ ಈ ಮಾತನ್ನು ಎತ್ತಿ ಎಂದು ಕೇಳಿಕೊಳ್ಳುತ್ತೇನೆ.